ಚೌಳು ನೆಲದ ಉಪ್ಪು, ಉಪ್ಪಿನೊಳಗಿನ ಜೀವ

ಇಲ್ಲಿ ಏನೂ ಬರೆಯದೆ ಬಹಳ ದಿನ ಆಗಿತ್ತು. ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ತಲೆಗೆ ಹೊಕ್ಕ ಹುಳ ಒಂದು ಇನ್ನೂ ಕೊರೀತಾನೇ ಇದೆ. ಅದನ್ನ ಇವತ್ತು ನಿಮ್ಮ ತಲೆಗೂ ಬಿಟ್ಟುಬಿಡೋಣ ಅಂತ ಕೂತಿದ್ದೇನೆ :-)

ನಮ್ಮದು ಹರಪನಹಳ್ಳಿ, ಕೊಟ್ಟೂರುಗಳ ನಡುವಿನ ಒಂದು ಸಣ್ಣ ಹಳ್ಳಿ. ಮನೆಯ ಹಿಂದಿನಿಂದ ಹಳ್ಳದ ಕಡೆ ಇಳಿದರೆ ಒಂದೆರಡು ಎಕರೆ ಚೌಳು ನೆಲ ಸಿಗುತ್ತೆ. ಸವಳು ಅಂತಲೂ ಅಂತಾರೆ. ಬೇಸಿಗೆಯಲ್ಲಿ ನೋಡಿದರೆ ಯಾರೋ ಸುಣ್ಣ ಚೆಲ್ಲಿ ಹೋದ ಹಾಗೆ ಬೆಳ್ಳಗೆ. ಅಲ್ಲಿ ಜೋಳ ಬಿತ್ತಿದರೆ ಹುಟ್ಟೋದೇ ಕಷ್ಟ, ಹುಟ್ಟಿದರೂ ಗೇಣುದ್ದ ಬೆಳೆದು ಸುಟ್ಟಂತಾಗುತ್ತೆ. ಹಿಂದೆ ಅಗಸರು ಬಟ್ಟೆ ಒಗೆಯೋಕೆ ಆ ಮಣ್ಣು ಒಯ್ಯುತ್ತಿದ್ದರು, ಸೋಪು ಬಂದ ಮೇಲೆ ಅದೂ ಇಲ್ಲ. ನಮ್ಮಜ್ಜ ಅದನ್ನ "ಸತ್ತ ನೆಲ" ಅಂತಲೇ ಕರೆಯುತ್ತಿದ್ದ. ನಾವೂ ಹಾಗೇ ಅಂದುಕೊಂಡು ಬೆಳೆದೆವು.

ಈ ಸಲ ಮನೆಯ ಹಿಂದಿನ ಗೋಡೆ ರಿಪೇರಿಗೆ ಒಬ್ಬ ವಯಸ್ಸಾದ ಉಪ್ಪಾರ ಮೇಸ್ತ್ರಿ ಬಂದಿದ್ದರು. ಮಧ್ಯಾಹ್ನ ಊಟ ಆದ ಮೇಲೆ ನೆರಳಲ್ಲಿ ಕೂತಾಗ ಸುಮ್ಮನೆ ಕೇಳಿದೆ.

"ಅಜ್ಜಾ, ನಿಮ್ಮ ಮಂದಿಗೆ ಉಪ್ಪಾರು ಅಂತ ಯಾಕ ಅಂತಾರ?"

"ಉಪ್ಪು ಮಾಡ್ತಿದ್ರಂತ ತಮ್ಮಾ. ನಾ ಕಂಡಿಲ್ಲ, ನಮ್ಮಪ್ಪನೂ ಕಂಡಿಲ್ಲ. ನಾವು ಮಣ್ಣು, ಕಲ್ಲು, ಗ್ವಾಡಿ ಕೆಲಸದೋರು."

"ಇಲ್ಲೆಲ್ಲಿ ಸಮುದ್ರ ಐತಿ ಉಪ್ಪು ಮಾಡಾಕ?"

ಅವರು ಕೈಯಲ್ಲಿದ್ದ ಕರಣೆಯಿಂದಲೇ ನಮ್ಮ ಹಿತ್ತಲ ಆಚೆ ತೋರಿಸಿದರು. "ಅದರಾಗ ಮಾಡ್ತಿದ್ರಂತ."

ಅಷ್ಟೇ. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ಒಂದು ಜಾತಿಯ ಹೆಸರಲ್ಲೇ ಇರುವ ಕಸುಬು ಆ ಜಾತಿಯ ಹಿರಿಯರ ನೆನಪಲ್ಲೇ ಇಲ್ಲ ಅಂದರೆ ಏನೋ ಆಗಿರಬೇಕಲ್ಲ? ಬೆಂಗಳೂರಿಗೆ ವಾಪಸ್ ಬಂದವನೇ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನ ಹುಡುಕಿ ಓದೋಕೆ ಶುರು ಮಾಡಿದೆ.

ಮೊದಲು ಸ್ವಲ್ಪ ಹಿನ್ನೆಲೆ. ಈಗ ವಿಜಯನಗರ ಜಿಲ್ಲೆಯಲ್ಲಿರುವ (2021ರಲ್ಲಿ ಆಗಿದ್ದು) ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ಭಾಗ. ಆಮೇಲೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1904ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಬರೆದ ಬಳ್ಳಾರಿ ಗೆಜೆಟಿಯರ್ ಹೊತ್ತಿಗೆ ಜಿಲ್ಲೆಯಲ್ಲಿ 8 ತಾಲೂಕು. ಅವುಗಳಲ್ಲಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ನಮ್ಮವು. ಕೊಟ್ಟೂರು ಕೂಡ್ಲಿಗಿಯೊಳಗೇ ಇತ್ತು. ಈ ಗೆಜೆಟಿಯರಿನಲ್ಲಿ ಮಣ್ಣುಪ್ಪಿನ ಕಥೆ ಇದೆ. ಥರ್ಸ್ಟನ್ ಕೂಡ 1909ರ ತನ್ನ ಜಾತಿಗಳ ಪುಸ್ತಕದಲ್ಲಿ ಉಪ್ಪಾರರ ಬಗ್ಗೆ ಬರೆಯುವಾಗ ಇದನ್ನೇ ಎತ್ತಿಕೊಂಡಿದ್ದಾನೆ.

ಉಪ್ಪು ಮಾಡುವ ಜಾಗಕ್ಕೆ ಆ ಸಾಹೇಬರು ಬರೆದಿರುವ ಹೆಸರು 'ಮೋಡ'. ಆಕಾಶದ ಮೋಡ ಅಲ್ಲ ಮಾರಾಯ್ರೆ, ಮಣ್ಣಿನ ದಿಬ್ಬ. ಚೌಳು ನೆಲದ ಮೇಲ್ಮಣ್ಣನ್ನ ಕೆರೆದು ತಂದು, ದಿಬ್ಬದ ಮೇಲೆ ಮಾಡಿದ ಗುಂಡಿಗಳಲ್ಲಿ ತುಂಬಿ ನೀರು ಹೊಯ್ಯುವುದು. ನೀರು ಮಣ್ಣಿನ ಉಪ್ಪನ್ನೆಲ್ಲ ಎಳೆದುಕೊಂಡು ಕೆಳಗೆ ಸೋರುತ್ತೆ. ಆ ಉಪ್ಪು ನೀರನ್ನ ಬಿಸಿಲಿಗೆ ಆರಿಸಿದರೆ ಹರಳು. ಉಪ್ಪು ಹೋದ ಮಣ್ಣನ್ನ ಪಕ್ಕಕ್ಕೇ ಚೆಲ್ಲುವುದು. ವರ್ಷ ವರ್ಷ ಚೆಲ್ಲುತ್ತ ಚೆಲ್ಲುತ್ತ ದಿಬ್ಬ ಎತ್ತರ ಆಗ್ತಾ ಹೋಗುತ್ತೆ. ಹೇಳೋಕೆ ಸುಲಭ. ಆದರೆ ಚೌಳು ಮಣ್ಣಿನಲ್ಲಿ ಅಡುಗೆ ಉಪ್ಪಿನ ಜೊತೆ ಬೇರೆ ಲವಣಗಳೂ ಇರುತ್ತವೆ, ಕೆಲವು ಬಾಯಿಗಿಟ್ಟರೆ ಕಹಿ. ಯಾವ ಹೊಲದ ಮಣ್ಣು ಕೆರೆಯಬೇಕು, ಎಷ್ಟು ಹೊತ್ತು ಬಿಸಿಲಿಗಿಡಬೇಕು, ಯಾವಾಗ ತೆಗೆಯಬೇಕು ಅನ್ನೋದು ಕೈಗೆ ನಾಲಿಗೆಗೆ ಬರಬೇಕಾದ ವಿದ್ಯೆ. ಇದನ್ನ ಪುಸ್ತಕದಲ್ಲಿ ಯಾರೂ ಬರೆದಿಡಲಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಿ. ಆ ಆರಿಸುವ ಗುಂಡಿಯೊಳಗೆ ಏನಾಗ್ತಿತ್ತು ಅನ್ನೋದು ನನ್ನನ್ನ ಬೇರೆ ದಾರಿಗೆ ಎಳೆಯಿತು.

ನಾವು ಮಾವಿನಕಾಯಿಗೆ ಉಪ್ಪು ತುಂಬಿ ಭರಣಿಯಲ್ಲಿಡೋದು ಯಾಕೆ? ಕೆಡಬಾರದು ಅಂತ. ಉಪ್ಪು ಸೂಕ್ಷ್ಮಜೀವಿಯ ಒಳಗಿನ ನೀರನ್ನೆಲ್ಲ ಹೊರಗೆಳೆದು ಅದನ್ನ ಒಣಗಿಸಿಬಿಡುತ್ತೆ. ಸಮುದ್ರದ ನೀರಲ್ಲಿ ಉಪ್ಪು ನೂರಕ್ಕೆ ಸುಮಾರು 3.5 ಪಾಲು. ಹರಳುಗಟ್ಟುವ ಹೊತ್ತಿಗೆ ಅದು 25 ದಾಟಿರುತ್ತೆ. ಅಂಥ ನೀರಲ್ಲಿ ಯಾವುದೂ ಬದುಕಲ್ಲ ಅಂತ ಯಾರಾದರೂ ಅಂದುಕೊಳ್ಳಬೇಕಾದ್ದೇ. ಆದರೆ ಕುಮಟಾ ತಾಲೂಕಿನ ಸಾಣಿಕಟ್ಟಾ ಕಡೆಗೋ, ಯಾವುದೇ ಉಪ್ಪಿನ ಗದ್ದೆಯ ಕಡೆಗೋ ಕಡುಬೇಸಿಗೆಯಲ್ಲಿ ಹೋದವರು ಗಮನಿಸಿರಬಹುದು: ಉಪ್ಪು ಗಟ್ಟಿಯಾಗುತ್ತಾ ಬಂದ ಹಾಗೆ ನೀರಿಗೆ ಒಂಥರಾ ಗುಲಾಬಿ, ಕೆಂಪು ಬಣ್ಣ ತಿರುಗುತ್ತೆ. ಅದು ಮಣ್ಣಿನ ಬಣ್ಣ ಅಂತ ಬಹಳ ಜನ ತಿಳಿದಿದ್ದಾರೆ. ಅದು ಜೀವದ ಬಣ್ಣ.

ಫ್ರಾನ್ಸಿನ ಮೊಂಪೆಲಿಯೆ ಹತ್ತಿರದ ಉಪ್ಪಿನ ಗದ್ದೆಗಳಲ್ಲಿ ಮಿಶೆಲ್ ಡ್ಯುನಾಲ್ ಅನ್ನೋ ಸಸ್ಯವಿಜ್ಞಾನಿ ಇದನ್ನ 1838ರಲ್ಲೇ ಹೇಳಿದ, ಈ ಕೆಂಪು ಒಂದು ಸೂಕ್ಷ್ಮ ಪಾಚಿಯದು ಅಂತ. 1905ರಲ್ಲಿ ಆ ಪಾಚಿಗೆ ಅವನ ಹೆಸರನ್ನೇ ಇಟ್ಟು ಡ್ಯುನಾಲಿಯೆಲ್ಲಾ ಅಂದರು. ಅಮೆರಿಕದಲ್ಲಿ ಉಪ್ಪು ಹಾಕಿದ ಮೀನು ಬೇಸಿಗೆಯಲ್ಲಿ ಕೆಂಪಾಗಿ ಕೆಡುತ್ತಿದ್ದದ್ದು ಯಾಕೆ ಅಂತ ವಿಲಿಯಂ ಫಾರ್ಲೋ ಹುಡುಕಿ, ಅದಕ್ಕೂ ಸೂಕ್ಷ್ಮಜೀವಿಯೇ ಕಾರಣ ಅಂತ ವರದಿ ಕೊಟ್ಟಿದ್ದು 1880ರಲ್ಲಿ. ಈ 1880 ಅನ್ನೋ ಇಸವಿಯನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಆ ಮೀನು ಕೆಡಿಸುವಂಥ ಜೀವಿಗಳಲ್ಲಿ ಮುಖ್ಯವಾದದ್ದನ್ನ ಈಗ ಹ್ಯಾಲೋಬ್ಯಾಕ್ಟೀರಿಯಂ ಅಂತಾರೆ. ಹೆಸರಲ್ಲಿ ಬ್ಯಾಕ್ಟೀರಿಯಾ ಇದ್ದರೂ ಇದು ಬ್ಯಾಕ್ಟೀರಿಯಾ ಅಲ್ಲ. 1977ರಲ್ಲಿ ಕಾರ್ಲ್ ವೋಸ್ ಮತ್ತು ಸಂಗಡಿಗರು ಬೇರೆಯದೇ ಅಂತ ಗುರುತಿಸಿದ ಆರ್ಕಿಯಾ ಅನ್ನೋ ಬಳಗಕ್ಕೆ ಸೇರಿದ್ದು. ಇದು ಬದುಕೋ ರೀತಿ ಮಜವಾಗಿದೆ. ಹೊರಗೆ ಉಪ್ಪು ಇದೆಯಾ, ಒಳಗೂ ಅಷ್ಟೇ ಉಪ್ಪು ತುಂಬಿಕೊಂಡುಬಿಡುತ್ತೆ! ಹೊರಗಿರೋದು ಸೋಡಿಯಂ, ಒಳಗೆ ತುಂಬಿಕೊಳ್ಳೋದು ಪೊಟ್ಯಾಸಿಯಂ. ಎರಡೂ ಕಡೆ ಸಮ ಆದಾಗ ನೀರು ಹೊರಗೆ ಹೋಗೋ ಪ್ರಶ್ನೆಯೇ ಇಲ್ಲ. ಬೇರೆ ಜೀವಿಯ ಪ್ರೋಟೀನುಗಳು ಅಷ್ಟು ಉಪ್ಪಿನಲ್ಲಿ ಮುದ್ದೆಯಾಗಿ ಕೆಲಸಕ್ಕೆ ಬಾರದಾಗುತ್ತವೆ. ಇದರ ಪ್ರೋಟೀನುಗಳು ಉಪ್ಪಿಲ್ಲದಿದ್ದರೇ ಬಿಚ್ಚಿಹೋಗುತ್ತವೆ. ಸಿಹಿನೀರಿಗೆ ಹಾಕಿದರೆ ಇಡೀ ಜೀವಕೋಶವೇ ಒಡೆದುಹೋಗುತ್ತೆ. ಅಂದರೆ ಇದು ಉಪ್ಪನ್ನ ಸಹಿಸಿಕೊಂಡಿರೋ ಜೀವ ಅಲ್ಲ, ಉಪ್ಪೇ ಇದರ ಮನೆ. ಮೈಯ ಕೆಂಪು ಬಣ್ಣ ಸುಡುಬಿಸಿಲಿಗೆ ಕೊಡೆ. ಇನ್ನೊಂದು ನೇರಳೆ ಬಣ್ಣದ ಪ್ರೋಟೀನ್ ಇದೆ. ಗಟ್ಟಿ ಉಪ್ಪುನೀರಲ್ಲಿ ಆಮ್ಲಜನಕ ಕಮ್ಮಿ, ಆಗ ಇದು ಬಿಸಿಲಿನಿಂದಲೇ ಶಕ್ತಿ ಹಿಂಡಿಕೊಳ್ಳುತ್ತೆ, ಎಲೆಯ ಹಸಿರಿನ ಹಂಗೇ ಇಲ್ಲದೆ. 1971ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೇನಿಯಸ್ ಇದನ್ನ ಕಂಡುಹಿಡಿದರು.

ಡ್ಯುನಾಲಿಯೆಲ್ಲಾ ಪಾಚಿಯದು ಬೇರೆ ಉಪಾಯ. ಅದು ಉಪ್ಪನ್ನ ಒಳಗೆ ಬಿಟ್ಟುಕೊಳ್ಳಲ್ಲ. ಬದಲಿಗೆ ತಾನೇ ಗ್ಲಿಸರಾಲ್ ತಯಾರಿಸಿ ಹೊಟ್ಟೆ ತುಂಬಿಕೊಳ್ಳುತ್ತೆ. ಉಪ್ಪು ಹೆಚ್ಚಾದರೆ ಗ್ಲಿಸರಾಲ್ ಹೆಚ್ಚು, ಕಮ್ಮಿಯಾದರೆ ಕಮ್ಮಿ. ಬಹಳ ಬ್ಯಾಕ್ಟೀರಿಯಾಗಳೂ ಇದೇ ದಾರಿಯಲ್ಲಿ ಎಕ್ಟೊಯಿನ್, ಬೀಟೈನ್ ಅಂಥವನ್ನ ಮಾಡಿಕೊಳ್ಳುತ್ತವೆ. ಅಂದ ಹಾಗೆ ಎಕ್ಟೊಯಿನ್ ಈಗ ಮುಖಕ್ಕೆ ಹಚ್ಚೋ ಕ್ರೀಮುಗಳಲ್ಲಿ ಬರ್ತಿದೆ, ಡಬ್ಬಿಯ ಹಿಂದೆ ಓದಿ ನೋಡಿ.

ಹರಳು ಗಟ್ಟುವಾಗ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಉಪ್ಪುನೀರಿನ ಹನಿಗಳು ಸಿಕ್ಕಿಹಾಕಿಕೊಳ್ಳುತ್ತವೆ. ಅದರ ಜೊತೆ ಈ ಜೀವಿಗಳೂ. ಅಮೆರಿಕದ ಡೆತ್ ವ್ಯಾಲಿಯಲ್ಲಿ ಆಳಕ್ಕೆ ಕೊರೆದು ತೆಗೆದ, 22 ಸಾವಿರದಿಂದ 34 ಸಾವಿರ ವರ್ಷ ಹಳೆಯ ಉಪ್ಪಿನ ಹರಳುಗಳಿಂದ ಆರ್ಕಿಯಾಗಳನ್ನ ಮತ್ತೆ ಬೆಳೆಸಿದ್ದನ್ನ 2010ರಲ್ಲಿ ಪ್ರಕಟಿಸಿದರು. ಜೊತೆಗೆ ಸಿಕ್ಕಿಬಿದ್ದ ಡ್ಯುನಾಲಿಯೆಲ್ಲಾದ ಗ್ಲಿಸರಾಲೇ ಅವಕ್ಕೆ ಇಷ್ಟು ಕಾಲ ಬುತ್ತಿ ಆಗಿರಬೇಕು ಅಂತ ಅವರ ಅಂದಾಜು. ಬಿಸಿಲಲ್ಲಿ ಆರಿಸಿದ ಉಪ್ಪಿನಲ್ಲಿ ಇಂಥ ಬಂಧುಗಳು ಸಾಮಾನ್ಯ. ಹಾಗಾಗಿ ಕೊಟ್ಟೂರಿನ ಸಂತೆಯಿಂದ ನಮ್ಮ ಮುತ್ತಜ್ಜಿಯರು ಸೆರಗಲ್ಲಿ ಕಟ್ಟಿ ತಂದಿರಬಹುದಾದ ಮಣ್ಣುಪ್ಪನ್ನ ನಾನಂತೂ ಸತ್ತ ಪದಾರ್ಥ ಅಂತ ಈಗ ಅಂದುಕೊಳ್ಳಲಾರೆ.

ಸರಿ, ಉಪ್ಪಾರರ ಕಥೆಗೆ ವಾಪಸ್ ಬರೋಣ.

1805ರಲ್ಲೇ ಕಂಪನಿ ಸರ್ಕಾರ ಮದ್ರಾಸ್ ಪ್ರಾಂತ್ಯದ ಸಮುದ್ರದುಪ್ಪನ್ನ ತನ್ನ ಏಕಸ್ವಾಮ್ಯ ಮಾಡಿಕೊಂಡಿತ್ತು. ಆದರೆ ಬಳ್ಳಾರಿ ಸೀಮೆಯ ಮಣ್ಣುಪ್ಪು ಮಾತ್ರ ಅವರ ಕೈಗೆ ಪೂರ್ತಿ ಸಿಗದೆ ನಡೆದುಕೊಂಡು ಬಂತು. ಕರಾವಳಿಯ ಉಪ್ಪು ಇಲ್ಲಿಗೆ ಬರಬೇಕಾದರೆ ಲಂಬಾಣಿಗರ ಎತ್ತಿನ ಹೇರೇ ಗತಿ. (ಲವಣದಿಂದಲೇ ಲಂಬಾಣಿ ಅನ್ನೋ ಹೆಸರು ಬಂತು ಅನ್ನೋ ಮಾತೂ ಇದೆ. ನಮ್ಮ ಐದೂ ತಾಲೂಕುಗಳ ತಾಂಡಾಗಳಲ್ಲಿ ಕೇಳಿದರೆ ಇನ್ನೊಂದು ಲೇಖನಕ್ಕಾಗುವಷ್ಟು ಸಿಗಬಹುದು.)

1873ರಲ್ಲಿ ಮದ್ರಾಸಿನ ರೆವಿನ್ಯೂ ಬೋರ್ಡಿನ ಸದಸ್ಯ ಜಿ. ಥಾರ್ನ್‌ಹಿಲ್ ದತ್ತ ಮಂಡಲಕ್ಕೆ ಪರಿಶೀಲನೆಗೆ ಬಂದ. ಅವನ ವರದಿಯ ತರ್ಕ ನೋಡಿ. ಮೋಡಗಳು ಬಹಳ ಇವೆ, ಅಲ್ಲಲ್ಲಿ ಚೆದುರಿಕೊಂಡಿವೆ, ಆದ್ದರಿಂದ ಅವುಗಳ ಮೇಲೆ ಅಬಕಾರಿ ಸುಂಕ ಹಾಕಿ ಕಾವಲು ಕಾಯಲು ಆಗಲ್ಲ. ಉಪ್ಪಾರರೆಲ್ಲ ಬಹಳ ಬಡವರು, ಆದ್ದರಿಂದ ಲೈಸೆನ್ಸ್ ತೆರಿಗೆಯೂ ಸರಿಬರಲ್ಲ. ಆದರೆ ಇದರಿಂದ ಸರ್ಕಾರಕ್ಕೆ ವರ್ಷಕ್ಕೆ 8ರಿಂದ 10 ಲಕ್ಷ ರೂಪಾಯಿ ನಷ್ಟ ಆಗ್ತಿದೆ. ಸಮುದ್ರದುಪ್ಪೂ ಅಗ್ಗಕ್ಕೆ ಸಿಗುವಾಗ ಈ ಕಸುಬನ್ನೇ ಮೆಲ್ಲಗೆ ಮುಗಿಸಿಬಿಡೋಣ! ಬಡವರು ಅಂತ ಒಂದು ಸಾಲಿನಲ್ಲಿ ಒಪ್ಪಿಕೊಂಡು, ಮುಂದಿನ ಸಾಲಿನಲ್ಲಿ ಅವರ ಅನ್ನಕ್ಕೇ ಕೈ ಹಾಕೋದು. ನಾನು ಆ ಪುಟವನ್ನ ಎರಡು ಸಲ ಓದಿದೆ.

ಸರ್ಕಾರ ಒಪ್ಪಿತು. ಹೊಸ ಮೋಡ ತೆರೆಯುವಂತಿಲ್ಲ ಅಂತಾಯಿತು. ಇದ್ದ ಮೋಡಗಳಿಗೆ ಲೈಸೆನ್ಸ್, ಅದರ ದರ ವರ್ಷ ವರ್ಷ ಏರುತ್ತಾ ಹೋಗಿ 1879ರ ಹೊತ್ತಿಗೆ ಸಮುದ್ರದುಪ್ಪಿನಷ್ಟೇ ಪೂರ್ತಿ ಸುಂಕ. ಅದೂ ಸಾಲಲಿಲ್ಲ. 1876ರಲ್ಲಿ ಮದ್ರಾಸ್ ಸಾಲ್ಟ್ ಕಮಿಷನ್ ಮತ್ತು ರೆವಿನ್ಯೂ ಬೋರ್ಡ್ ಎರಡೂ ಸೇರಿ, ಮೆಲ್ಲಗೆ ಅಲ್ಲ, ಒಂದೇ ಸಲಕ್ಕೆ ಪೂರ್ತಿ ನಿಲ್ಲಿಸಿ ಅಂದವು.

1876 ಅಂದರೆ ಯಾವ ವರ್ಷ? ಧಾತು ಸಂವತ್ಸರ. ಮಳೆ ಕೈಕೊಟ್ಟು 1876ರಿಂದ 1878ರವರೆಗೆ ದಕ್ಷಿಣ ಇಂಡಿಯಾವನ್ನೇ ಬಡಿದ ಮಹಾ ಬರ ಶುರುವಾದ ವರ್ಷ. ಆ ಬರದಲ್ಲಿ ಅತಿ ಹೆಚ್ಚು ಹೊಡೆತ ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹೊಲದಲ್ಲಿ ಏನೂ ಇಲ್ಲದ ಕಾಲ ಅದು. ಮಳೆ ಬೇಡದ ಬೆಳೆ ನಮ್ಮ ಕಡೆ ಇದ್ದದ್ದು ಒಂದೇ, ಈ ಉಪ್ಪು. ಬಿಸಿಲು ಹೆಚ್ಚಾದಷ್ಟೂ ಅದಕ್ಕೆ ಒಳ್ಳೆಯದು. ಅದನ್ನೇ ನಿಲ್ಲಿಸುವ ಕಾಗದ ಮದ್ರಾಸಿನಿಂದ ಮೇಲಿನ ಸರ್ಕಾರಕ್ಕೆ ಹೋಗಿ, 1880ರಲ್ಲಿ ಆದೇಶ ಬಂತು: ಎಲ್ಲ ಮೋಡಗಳನ್ನೂ ಒಡೆದುಹಾಕಿ, ಮಾಲೀಕರಿಗೆ ತಕ್ಕ ಪರಿಹಾರ ಕೊಡಿ. ಮಾಲೀಕನಿಗೆ ಸರಿ. ಬುಟ್ಟಿಯಲ್ಲಿ ಮಣ್ಣು ಹೊತ್ತವಳಿಗೆ, ನೀರು ಹೊಯ್ದವನಿಗೆ ಯಾರು ಏನು ಕೊಟ್ಟಿದ್ದಾರು?

ಉಪ್ಪು ಹಚ್ಚಿದ ಮೀನಿನಲ್ಲಿ ಬದುಕುವ ಜೀವ ಯಾವುದು ಅಂತ ಫಾರ್ಲೋ ವರದಿ ಕೊಟ್ಟ ಅದೇ 1880ರಲ್ಲಿ ನಮ್ಮಲ್ಲಿ ಉಪ್ಪಿನಿಂದ ಬದುಕುತ್ತಿದ್ದವರ ಬದುಕು ಮುಗಿಯಿತು. ಇವೆರಡಕ್ಕೂ ಏನೂ ಸಂಬಂಧ ಇಲ್ಲ ಅಂತ ಗೊತ್ತು, ಆದರೂ ಇಸವಿ ನೋಡಿ ಒಂಥರಾ ಆಯ್ತು.

1904ರ ಹೊತ್ತಿಗೆ ಫ್ರಾನ್ಸಿಸ್ ಬರೆಯೋದು, ಜಿಲ್ಲೆಯಲ್ಲಿ ಮಣ್ಣುಪ್ಪು ಪೂರ್ತಿ ಹಳೆಯ ಮಾತಾಯಿತು, ಆದರೆ ಬಹಳ ಕಡೆ ಹಳೆಯ ಮೋಡಗಳ ಅವಶೇಷ ಇನ್ನೂ ಕಾಣುತ್ತವೆ ಅಂತ. ಇನ್ನೊಂದು ವಿಷಯವನ್ನೂ ಹೇಳುತ್ತಾನೆ. ಕೆಲವು ಉಪ್ಪಾರರು ಪ್ರತಿ ಬೇಸಿಗೆ ನಿಜಾಮನ ಸೀಮೆಗೆ ಹೋಗಿ ಅಲ್ಲಿ ಹಳೆಯ ರೀತಿಯಲ್ಲೇ ಉಪ್ಪು ಮಾಡಿ ಮಾರುತ್ತಿದ್ದರಂತೆ. ನಿಜಾಮ ಸರ್ಕಾರಕ್ಕೆ ಇಂತಿಷ್ಟು ಅಂತ ಶುಲ್ಕ, ಅದರಲ್ಲಿ ಕಾಲು ಭಾಗ ಮುಂಗಡ. ಬಿಸಿಲು ಸರಿಯಾಗಿ ಬಿದ್ದರೆ ಸ್ವಲ್ಪ ಲಾಭ. ಮಳೆ ಬಂದರೆ ಶುಲ್ಕವೂ ಹೋಯ್ತು, ಮೈ ಮುರಿದದ್ದೂ ಹೋಯ್ತು. ಸಿಹಿನೀರು ಬಿದ್ದರೆ ಒಡೆದುಹೋಗುವ ಹ್ಯಾಲೋಬ್ಯಾಕ್ಟೀರಿಯಂ ನೆನಪಾಗಲಿಲ್ಲವೇ? ನಮ್ಮ ಕಡೆಯ ಎಲ್ಲರೂ ಮಳೆಗಾಗಿ ಮುಗಿಲು ನೋಡುವಾಗ, ಮಳೆ ಬಾರದಿರಲಿ ಅಂತ ಬೇಡಿಕೊಂಡು ಕೂತವರು ಇವರಿಬ್ಬರೇ ಇರಬೇಕು.

ಇದಾಗಿ 50 ವರ್ಷಕ್ಕೆ, 1930ರಲ್ಲಿ, ಗಾಂಧಿ ದಂಡಿಗೆ ನಡೆದರು, ನಮ್ಮಲ್ಲಿ ಅಂಕೋಲೆಯಲ್ಲಿ ಉಪ್ಪು ಎತ್ತಿದರು. ಶಾಲೆಯಲ್ಲಿ ಓದಿದ್ದೇವೆ ಎಲ್ಲರೂ. 1931ರ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ ಉಪ್ಪು ಸಿಗುವ ಊರಿನವರು ಮನೆಬಳಕೆಗೆ, ಊರೊಳಗೆ ಮಾರೋದಕ್ಕೆ ಉಪ್ಪು ಮಾಡಿಕೊಳ್ಳಬಹುದು ಅಂತ ಒಂದು ಸಡಿಲಿಕೆಯೂ ಬಂತು. ಅಷ್ಟೊತ್ತಿಗೆ ನಮ್ಮ ಕಡೆ ಎರಡು ತಲೆಮಾರು ಕಳೆದಿತ್ತು. ಉಪ್ಪಾರರು ಮಣ್ಣು ಹೊರುವ, ಬಾವಿ ತೋಡುವ, ಗೋಡೆ ಕಟ್ಟುವ ಕೆಲಸಕ್ಕೆ ತಿರುಗಿ ಆಗಿತ್ತು.

ನೆಲ ಏನಾಯಿತು? ಉಪ್ಪು ಕೆರೆಯುವವರು ಇಲ್ಲವಾದ ಮೇಲೆ ಚೌಳು ಬರೀ ಚೌಳಾಗಿಯೇ ಉಳಿಯಿತು. ಲೆಕ್ಕದಲ್ಲಿ ಅದು ಪ್ರಯೋಜನವಿಲ್ಲದ ಜಮೀನು. ಆದರೆ ಜೂನಿನಲ್ಲಿ ಎರಡು ಮಳೆ ಬಿದ್ದ ಮೇಲೆ ಹೋಗಿ ನೋಡಿ. ಬೆಳ್ಳಗಿದ್ದ ಜಾಗದಲ್ಲಿ ಕಪ್ಪು ಹಸಿರಿನ ಒಂದು ತೆಳು ಪೊರೆ, ಕಾಲಿಟ್ಟರೆ ಜಾರುತ್ತೆ. ಕೆಲವು ಕಡೆ ಹಿಚುಕಿದ ದ್ರಾಕ್ಷಿಯ ಹಾಗೆ ಲೋಳೆ ಲೋಳೆ. ಚಿಕ್ಕಂದಿನಲ್ಲಿ ಅದನ್ನ ಕೋಲಿನಿಂದ ಎಬ್ಬಿಸಿ ತಂಗಿಯ ಮೇಲೆ ಎಸೆದು ಏಟು ತಿಂದಿದ್ದೇನೆ. ಅದು ನಾಸ್ಟಾಕ್, ನೀಲಿಹಸಿರು ಪಾಚಿಗಳ ಜಾತಿಯದು. ಇದರ ಕಷ್ಟ ಹ್ಯಾಲೋಬ್ಯಾಕ್ಟೀರಿಯಂದಕ್ಕಿಂತ ದೊಡ್ಡದು ಅಂತ ನನಗನ್ನಿಸುತ್ತೆ. ಅದಕ್ಕೆ ಯಾವಾಗಲೂ ಉಪ್ಪು, ಒಂದೇ ಅಭ್ಯಾಸ. ಇದಕ್ಕೆ ಒಂದು ದಿನ ಉಪ್ಪು, ಮರುದಿನ ಸಿಹಿಮಳೆ, ಆಮೇಲೆ ಎಂಟು ತಿಂಗಳು ಕಾದ ಹೆಂಚಿನಂಥ ನೆಲ. ಒಣಗುವಾಗ ಇದು ಟ್ರೆಹಲೋಸ್ ಅನ್ನೋ ಸಕ್ಕರೆ ಮಾಡಿಕೊಂಡು ಜೀವಕೋಶದ ಒಳಗನ್ನೆಲ್ಲ ಮುರಿಯದ ಹಾಗೆ ಹಿಡಿದಿಡುತ್ತೆ, ಸುತ್ತ ಲೋಳೆಯ ಹೊದಿಕೆ ಹೊದ್ದುಕೊಂಡು ಕರೀ ಹಪ್ಪಳದ ಚೂರಿನಂತಾಗಿ ಮಲಗುತ್ತೆ. ಸಂಗ್ರಹಾಲಯವೊಂದರಲ್ಲಿ ಒಣಗಿಸಿ ಇಟ್ಟಿದ್ದ ನಾಸ್ಟಾಕ್ 107 ವರ್ಷ ಆದ ಮೇಲೆ ನೀರು ಕುಡಿದು ಎದ್ದ ದಾಖಲೆ ಇದೆ. ನಮ್ಮದು ಬರೀ ಎಂಟು ತಿಂಗಳು!

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್. ಎನ್. ಸಿಂಗ್ ಉತ್ತರ ಪ್ರದೇಶದ 'ಊಸರ್' ನೆಲದಲ್ಲಿ ಇದೇ ಪಾಚಿಗಳನ್ನ ನೋಡಿ ಒಂದು ಕೆಲಸ ಮಾಡಿದರು. ಬದು ಕಟ್ಟಿ ಮಳೆನೀರು ನಿಲ್ಲಿಸಿ ಪಾಚಿಯನ್ನ ಬೆಳೆಯಗೊಟ್ಟರೆ, ಅದು ಗಾಳಿಯ ಸಾರಜನಕವನ್ನ ಮಣ್ಣಿಗೆ ಸೇರಿಸಿ, ಮಣ್ಣಿನ ಕ್ಷಾರ ಇಳಿಸಿ, ಕೊನೆಗೆ ಭತ್ತವನ್ನೂ ಬೆಳೆಯಬಹುದು ಅಂತ 1950ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ನಮ್ಮಜ್ಜ "ಸತ್ತ ನೆಲ" ಅಂತ ಬೈಯುತ್ತಿದ್ದ ಹೊತ್ತಿಗೇ ಇದು ಅಚ್ಚಾಗಿತ್ತು. ಅಂದ ಹಾಗೆ, 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಕೆಳಗಿನ ಭತ್ತದ ಸೀಮೆಯಲ್ಲಿ ನೀರು ನಿಂತು ನಿಂತು ತಳದ ಉಪ್ಪು ಮೇಲೆದ್ದು ಹೊಸ ಚೌಳು ಹುಟ್ಟಿತು. ಗಂಗಾವತಿಯಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ನಡೆಸುವಷ್ಟು. ಬರದ ಸೀಮೆಯ ಚೌಳಿಗೆ ಒಂದು ಕಥೆ, ನೀರಾವರಿಯ ಚೌಳಿಗೆ ಇನ್ನೊಂದು.

ಇವು ನಮ್ಮ ಕಡೆಗೆ ಹೊಸಬರಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಕೂಡ್ಲಿಗಿಯ ಪಕ್ಕದಲ್ಲೇ ಸಂಡೂರಿನ ಗುಡ್ಡಸಾಲು. ಅಲ್ಲಿನ ಚರ್ಟ್ ಕಲ್ಲಿನೊಳಗೆ ನೀಲಿಹಸಿರು ಪಾಚಿಯಂಥ ಜೀವಿಗಳ ಗುರುತುಗಳಿವೆ ಅಂತ ಹೈದರಾಬಾದಿನ ಎಸ್. ಎಂ. ನಖ್ವಿ, ಲಖನೌದ ಬಿ. ಎಸ್. ವೆಂಕಟಾಚಲ ಮತ್ತು ಜೊತೆಗಾರರು 1987ರಲ್ಲಿ ವರದಿ ಮಾಡಿದರು. ಆ ಕಲ್ಲುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಗಾಳಿಯಲ್ಲಿ ಉಸಿರಾಡೋಷ್ಟು ಆಮ್ಲಜನಕ ಇಲ್ಲದ ಕಾಲದಿಂದ ಈ ವಂಶ ಇಲ್ಲೇ ಬಿಡಾರ ಹೂಡಿದೆ.

ಇದನ್ನೆಲ್ಲ ಓದಿಕೊಂಡು ದೀಪಾವಳಿಗೆ ಮತ್ತೆ ಊರಿಗೆ ಹೋದೆ. ಹಳ್ಳದ ಪಕ್ಕ ಚೌಳಿನ ಅಂಚಿಗೆ ಒಂದು ದಿಬ್ಬ ಇತ್ತು. ಹುಡುಗರಾಗಿದ್ದಾಗ ಅದರ ಮೇಲಿಂದ ಜಾರುಬಂಡೆ ಆಡುತ್ತಿದ್ದೆವು, ಮೇಲೆ ಗುಂಡಗೆ ಕುಳಿಗಳಿದ್ದವು. ಅಲ್ಲಿ ದಿಬ್ಬ ಯಾಕಿದೆ ಅಂತ ಯಾರೂ ಯಾವತ್ತೂ ಕೇಳಿರಲಿಲ್ಲ. ಅದೊಂದು ಮೋಡವೇ ಇದ್ದೀತು ಅಂತ ಆಸೆಯಿಂದ ಆ ಮೇಸ್ತ್ರಿ ಅಜ್ಜನನ್ನೂ ಕರೆದುಕೊಂಡು ಹೋದೆ. ದಿಬ್ಬದ ಮುಕ್ಕಾಲು ಪಾಲು ಜೆಸಿಬಿಯಲ್ಲಿ ತೋಡಿ ರಸ್ತೆಗೆ ಹೊಯ್ದಿದ್ದಾರೆ. ಉಳಿದ ಕಾಲು ಭಾಗದಲ್ಲಿ ಮಣ್ಣು ಪದರ ಪದರವಾಗಿ ಕಾಣುತ್ತಿತ್ತು.

ಅಜ್ಜ ಬಗ್ಗಿ ನೆಲದ ಬಿಳಿ ಚಕ್ಕೆಯೊಂದನ್ನ ಉಗುರಿಂದ ಎಬ್ಬಿಸಿ ನಾಲಿಗೆಗೆ ಹಚ್ಚಿಕೊಂಡರು. "ಥೂ, ಕಹಿ ಐತಲೋ ತಮ್ಮಾ" ಅಂತ ಉಗಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರಾಗಿಂದ ಉಪ್ಪು ಅಷ್ಟ ಹೆಂಗ ತಗೀತಿದ್ರೋ ಏನೋ" ಅಂದರು. ಆಮೇಲೆ ಆ ಪದರಗಳನ್ನ ಕೈಯಿಂದ ಸವರಿ ನೋಡಿದರು, ಗೋಡೆ ಕಟ್ಟುವವರು ಗಾರೆ ಮುಟ್ಟಿ ನೋಡುವ ಹಾಗೆ. "ಇದು ತಾನಾಗಿ ಆಗಿದ್ದಲ್ಲ, ಹಾಕಿದ ಮಣ್ಣು" ಅಂದರು.

ಕೂಡ್ಲಿಗಿ, ಹಡಗಲಿ, ಬೊಮ್ಮನಹಳ್ಳಿ ಕಡೆಯ ಗೆಳೆಯರು ಯಾರಾದರೂ ಇದನ್ನ ಓದ್ತಿದ್ದರೆ, ನಿಮ್ಮೂರ ಚೌಳಿನ ಅಂಚಿಗೆ, ಹಳ್ಳದ ದಡದಲ್ಲಿ, ಕಾರಣ ಗೊತ್ತಿಲ್ಲದ ಇಂಥ ದಿಬ್ಬ ಇದೆಯಾ? ಮೇಲೆ ಗುಂಡನೆಯ ಕುಳಿ ಇದ್ದರಂತೂ ದಯವಿಟ್ಟು ಒಂದು ಫೋಟೋ ತೆಗೆದಿಡಿ. ಊರಲ್ಲಿ ಅದಕ್ಕೆ ಏನಂತ ಕರೀತಾರೆ ಅಂತ ಕೇಳಿ ಬರೆಯಿರಿ. ನಮ್ಮೂರಲ್ಲಿ ಅದಕ್ಕೆ ಹೆಸರೇ ಇರಲಿಲ್ಲ.